ನಮ್ಮ ಸೀಮೆಗೆ ಗುರು ಕಾಡಲ್ಲ, ಕಾವಲು: ದುರ್ಗ, ದಾವಣಗೆರೆಯ ಊಟ ನಮ್ಮ ಹೊಲದಿಂದಲೇ ಬರುವುದು ಹೇಗೆ?

ನಾಯಕನಹಟ್ಟಿ ಸೀಮೆ

ಎಲ್ಲರಿಗೂ ನಮಸ್ಕಾರ.

ನಿಸರ್ಗ ನೋಡಿ ಬೇಸಾಯ ಕಲಿಯಿರಿ ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ಒಳ್ಳೆಯ ಮಾತೇ. ಆದರೆ ವಿಡಿಯೋ ತೆರೆದರೆ ಬರುವುದೆಲ್ಲ ಕಾಡು ತೋಟ. ಮೇಲೆ ತೆಂಗು, ನಡುವೆ ಬಾಳೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನೆಲದಲ್ಲಿ ಅರಿಶಿನ, ಶುಂಠಿ. ತೀರ್ಥಹಳ್ಳಿಗೆ, ಶಿರಸಿಗೆ ಅದು ಸರಿ. ಅದನ್ನೇ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರಿಗೆ ತಂದು ನೆಟ್ಟರೆ ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ಎಲ್ಲ ಒಣಗುತ್ತದೆ. ಆಮೇಲೆ "ಇದೆಲ್ಲ ನಮಗೆ ಆಗಿಬರಲ್ಲ" ಅಂತ ಜನ ಕೈಬಿಡುತ್ತಾರೆ.

ನನ್ನ ವಾದ ಇಷ್ಟೇ. ನಮ್ಮ ನೆಲದಲ್ಲಿ ನಿಸರ್ಗ ಬೆಳೆಸಿದ್ದು ದಟ್ಟ ಕಾಡನ್ನಲ್ಲ, ಹುಲ್ಲನ್ನು. ಅಲ್ಲಲ್ಲಿ ಜಾಲಿ, ಬೇವು, ಹೊಂಗೆ, ಹುಣಸೆ. ಉಳಿದದ್ದೆಲ್ಲ ಬಯಲು. ಹಾಗಾಗಿ ಪಾಠ ಕಲಿಯಬೇಕಾದರೆ ಕಾವಲಿಗೆ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಬಯಲಿಗೆ, ಹೋಗಬೇಕು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಅಂತ ಬಿಟ್ಟ ಕಾವಲುಗಳು ನಮ್ಮ ಸುತ್ತ ಎಷ್ಟಿದ್ದವು! ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇಟ್ಟು, ಕಾಲಕ್ಕೆ ತಕ್ಕ ಹಾಗೆ ದನಗಳನ್ನು ಸಾಗಿಸುತ್ತಿದ್ದರು. ಕುದಾಪುರ, ಉಳ್ಳಾರ್ತಿ ಕಡೆ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಉಳಿದ ತುಂಡುಗಳನ್ನಾದರೂ ಕಣ್ಣುಬಿಟ್ಟು ನೋಡೋಣ.

ಮಳೆ ಬಿದ್ದ ವಾರದೊಳಗೆ ಕಾವಲು ಹಸಿರಾಗುತ್ತದೆ. ಮಳೆ ಕೈಕೊಟ್ಟರೆ ಹುಲ್ಲು ಗಿಡ್ಡ ಇರುವಾಗಲೇ ತೆನೆ ಬಿಟ್ಟು ಬೀಜ ಉದುರಿಸಿ ತನ್ನ ಕೆಲಸ ಮುಗಿಸುತ್ತದೆ. ಮೇಲೆ ಒಣಗಿದರೂ ಬೇರು ಮಣ್ಣನ್ನು ಬಿಡುವುದಿಲ್ಲ. ಹುಲ್ಲಿನ ನಡುವೆ ಕಾಡು ಹುರುಳಿಯಂಥ ಬಳ್ಳಿಗಳು ಇದ್ದೇ ಇರುತ್ತವೆ. ದನ, ಕುರಿ ಬರುತ್ತವೆ, ಮೇಯುತ್ತವೆ, ಗೊಬ್ಬರ ಹಾಕಿ ಮುಂದೆ ಹೋಗುತ್ತವೆ.

ಈಗ ನಮ್ಮ ಹಿರಿಯರ ಊಟ ನೋಡಿ. ಸಾಮೆ, ನವಣೆ, ಕೊರಲೆ, ಹಾರಕ, ಬರಗು, ಊದಲು. ಎಲ್ಲವೂ ಹುಲ್ಲಿನ ಜಾತಿ. ಜೊತೆಗೆ ಅವರೆ, ತೊಗರಿ, ಹುರುಳಿ, ಅಲಸಂದೆ. ಹುಳಿಗೆ ಬದುವಿನ ಹುಣಸೆ. ಹಬ್ಬಕ್ಕೆ ಕುರಿ. ಕಾವಲಿನಲ್ಲಿ ಏನಿತ್ತೋ ಅದೇ ತಟ್ಟೆಯಲ್ಲೂ ಇತ್ತು.

ಈಗ? ದಾವಣಗೆರೆ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಅದು ಕೋಳಿ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಎಥೆನಾಲ್‌ಗೆ ಹೋಗುತ್ತದೆ. ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆಯಲ್ಲೂ ಎಷ್ಟೋ ಮನೆಗಳ ಒಗ್ಗರಣೆಗೆ ಹಡಗಿನಲ್ಲಿ ಬಂದ ಪಾಮಾಯಿಲ್. ನಾವು ಬೆಳೆಯುವುದೊಂದು, ತಿನ್ನುವುದೊಂದು.

ಇದನ್ನು ತಿರುಗಿಸೋದು ಹೇಗೆ? ಬೇಸಾಯ ಮಾಡುವವರು, ಕುರಿ ಕಾಯುವವರು, ಪೇಟೆಯಲ್ಲಿ ತಿನ್ನುವವರು, ಎಲ್ಲರೂ ಹೇಳಿ.

ಕುರಿಹಟ್ಟಿ

ಅಕ್ಕ, ಕುರಿಯ ಮಾತು ಎತ್ತಿದ್ದಕ್ಕೆ ಸಂತೋಷ. ಸಾವಯವ ಅಂತ ಮಾತಾಡುವವರೆಲ್ಲ ಹಸುವಿನ ಸಗಣಿ, ಗಂಜಲ ಅಂತಾರೆ. ಕುರಿ ಯಾರಿಗೂ ನೆನಪಾಗಲ್ಲ.

ನಮ್ಮ ಮನೆತನದ ಕಸುಬೇ ಕುರಿ. ಹೊಲದಲ್ಲಿ ಮಂದೆ ಹಾಕಿಸುವುದು ಹೇಗೆ ಅಂತ ಹೊಸಬರಿಗೆ ಹೇಳುತ್ತೇನೆ. ಸಂಜೆ ಹೊಲಕ್ಕೆ ಬಂದು ಸುತ್ತ ಬಲೆ ಕಟ್ಟುತ್ತೇವೆ. ಕುರಿ ರಾತ್ರಿಯಿಡೀ ಅದರೊಳಗೆ. ಹಿಕ್ಕೆ, ಉಚ್ಚೆ ಎರಡೂ ನೇರ ಮಣ್ಣಿಗೆ. ಮರುದಿನ ಬಲೆ ಕಿತ್ತು ಪಕ್ಕದ ತುಂಡಿಗೆ. ಹೀಗೆ ಹೊಲ ಪೂರ್ತಿ ಸುತ್ತುತ್ತೇವೆ. ಗೊಬ್ಬರ ತುಂಬುವ ಕೂಲಿ ಇಲ್ಲ, ಟ್ರ್ಯಾಕ್ಟರ್ ಬಾಡಿಗೆ ಇಲ್ಲ. ತಿಪ್ಪೆಯಲ್ಲಿ ಗೊಬ್ಬರ ಬಿಸಿಲಿಗೆ ಒಣಗುತ್ತೆ, ಉಚ್ಚೆ ಕೊಟ್ಟಿಗೆಯಲ್ಲೇ ಹರಿದು ಹೋಗುತ್ತೆ. ಇಲ್ಲಿ ಅದೂ ಹೊಲಕ್ಕೇ ಸಿಗುತ್ತೆ. ಕುರಿ ಗೊರಸು ಮಣ್ಣಿನ ಹೆಪ್ಪನ್ನು ಒಡೆಯುತ್ತೆ. ಮಂದೆ ನಿಂತ ಜಾಗದ ಪೈರು ದೂರದಿಂದಲೇ ಗೊತ್ತಾಗುತ್ತೆ, ಬಣ್ಣವೇ ಬೇರೆ.

ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಕೊಯ್ದ ಮೇಲೆ ನಾವು ಆ ಕಡೆ ಹೋಗುತ್ತೇವೆ. ಒಣ ಸೀಮೆ ಕುರಿಗೆ ಅಲ್ಲಿ ಕೂಳೆ ಮೇವು, ನೀರಾವರಿ ಗದ್ದೆಗೆ ನಮ್ಮ ಗೊಬ್ಬರ. ಮಳೆ ಶುರುವಾದರೆ ವಾಪಸ್. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗಿನ ಕಷ್ಟ ಕೇಳಿ. ಬದುಗೆಲ್ಲ ಕಳೆನಾಶಕ ಹೊಡೆಯುತ್ತಾರೆ. ಎಲ್ಲಿ ಹೊಡೆದಿದ್ದಾರೆ ಅಂತ ನಮಗೆ ಗೊತ್ತಾಗಲ್ಲ, ಕುರಿ ತಿಂದು ಮಲಗುತ್ತೆ. ಕಾವಲಿಗೆ ಬೇಲಿ. ಗೋಮಾಳ ಒತ್ತುವರಿ. ಹುಡುಗರಿಗೆ ಈ ಅಲೆದಾಟ ಬೇಡ. ಹೆಣ್ಣು ಕೊಡುವವರೂ ಇಲ್ಲ. ಕುರಿಗಾರ ಹೊಲಕ್ಕೆ ಬೇಕು ಅಂತ ನಿಮಗನಿಸಿದರೆ, ಅವನು ಓಡಾಡುವ ದಾರಿಯೂ ಉಳಿಯಬೇಕು.

ಮಾಯಕೊಂಡ ರೈತ

ನಾನು ಮೆಕ್ಕೆಜೋಳ ಬೆಳೆಯುವವನು. ಮನಸ್ಸಿಗೆ ಬೇಜಾರು ಮಾಡ್ಕೊಬೇಡಿ, ನೇರವಾಗಿ ಹೇಳುತ್ತೇನೆ.

ಮೆಕ್ಕೆಜೋಳ ಮಳೆಯಲ್ಲೇ ಎಕರೆಗೆ 20 ಕ್ವಿಂಟಾಲ್ ಬರುತ್ತೆ, ವರ್ಷ ಚೆನ್ನಾಗಿದ್ದರೆ ಜಾಸ್ತಿಯೂ ಬರುತ್ತೆ. ಸಾಮೆ 4, 5 ಕ್ವಿಂಟಾಲ್ ಬಂದರೆ ಹೆಚ್ಚು. ಮೆಕ್ಕೆಜೋಳ ಒಣಗಿಸಿ ರಾಶಿ ಮಾಡಿದರೆ ಅವತ್ತೇ ಕೊಳ್ಳುವವರಿದ್ದಾರೆ. ಸಾಮೆ ತಗೊಂಡು ಯಾರ ಮನೆ ಬಾಗಿಲಿಗೆ ಹೋಗಲಿ? ನಮ್ಮ ತಂದೆ ಕಾಲದಲ್ಲಿ ಇಲ್ಲಿ ಹತ್ತಿ, ಜೋಳ ಇತ್ತು. ದಾವಣಗೆರೆ ಹತ್ತಿ ಮಿಲ್ಲುಗಳ ಊರು. ಮಿಲ್ಲು ಮುಚ್ಚಿದವು, ಹತ್ತಿಗೆ ಹುಳು ಬಿತ್ತು, ಜನ ಮೆಕ್ಕೆಜೋಳಕ್ಕೆ ಬಂದರು. ಸುಮ್ನೆ ಬಂದಿದ್ದಲ್ಲ.

ಹಾಗಂತ ಸುಖದಲ್ಲಿದ್ದೇವೆ ಅಂತಲೂ ಅಲ್ಲ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಅಂತ ಘೋಷಣೆ ಆಯಿತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಕೇಳಿದರು. ರೈತರು ರಸ್ತೆಗೆ ಇಳಿಯಬೇಕಾಯಿತು. ಒಂದೇ ಬೆಳೆಗೆ ಕುತ್ತಿಗೆ ಕೊಟ್ಟಿದ್ದೇವೆ, ಒಪ್ಪುತ್ತೇನೆ. ಆದರೆ ದಾರಿ ತೋರಿಸದೆ ಬಿಡಿ ಅಂದರೆ ಹೇಗೆ ಬಿಡಲಿ?

ಬಬ್ಬೂರು ಫಾರಂ ಕಡೆಯವ

ಅಣ್ಣ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಮೆಕ್ಕೆಜೋಳ ಬಿಡಬೇಕಾಗಿಲ್ಲ. ಅದನ್ನು ಒಂಟಿಯಾಗಿ ಬೆಳೆಯುವುದನ್ನು ಬಿಟ್ಟರೆ ಸಾಕು.

ಮೆಕ್ಕೆಜೋಳದ ತವರು ಮೆಕ್ಸಿಕೋ. ಅಲ್ಲಿನ ರೈತರು ಅದನ್ನು ಒಂಟಿಯಾಗಿ ಬೆಳೆಯುತ್ತಲೇ ಇರಲಿಲ್ಲ. ಮೆಕ್ಕೆಜೋಳ, ಹುರುಳಿ ಜಾತಿಯ ಬಳ್ಳಿ, ಕುಂಬಳ, ಮೂರೂ ಒಂದೇ ಕಡೆ. ದಂಟಿಗೆ ಬಳ್ಳಿ ಹಬ್ಬುತ್ತೆ, ಬಳ್ಳಿಯ ಬೇರು ಸಾರಜನಕ ಕೊಡುತ್ತೆ, ಕುಂಬಳದ ಅಗಲ ಎಲೆ ನೆಲ ಮುಚ್ಚಿ ಕಳೆಯನ್ನೂ ಬಿಸಿಲನ್ನೂ ತಡೆಯುತ್ತೆ. ಈ ಪದ್ಧತಿಗೆ ಅಲ್ಲಿ ಮಿಲ್ಪಾ ಅಂತ ಹೆಸರು. ನಮ್ಮ ಅಕ್ಕಡಿ ಸಾಲು ಇದೇ ಅಲ್ವಾ? ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಹರಳು. ಮೆಕ್ಕೆಜೋಳ ನಮ್ಮಲ್ಲಿಗೆ ಬರುವಾಗ ಜೊತೆಗಾರರನ್ನು ಅಲ್ಲೇ ಬಿಟ್ಟು ಬಂತು. ಅದರ ಹುಳು ಮಾತ್ರ ಹುಡುಕಿಕೊಂಡು ಬಂತು.

ಆ ಹುಳುವಿನ ಕಥೆ ಎಲ್ಲರಿಗೂ ಗೊತ್ತು. ನಾವು ಲದ್ದಿಹುಳು ಅನ್ನುವ ಸೈನಿಕ ಹುಳು. ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾಕ್ಕೆ ಬಂತು. ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಒಂದೇ ಬೆಳೆ ಹತ್ತಾರು ಮೈಲಿ ಹಬ್ಬಿದ್ದರೆ ಅದಕ್ಕೆ ಹಬ್ಬ.

ಆದರೆ ಅದಕ್ಕೂ ಶತ್ರುಗಳಿದ್ದಾರೆ. ಮೋಡ ಮುಚ್ಚಿ ಸೋನೆ ಹಿಡಿದ ದಿನಗಳಲ್ಲಿ ಸುಳಿ ಬಿಡಿಸಿ ನೋಡಿ. ಕೆಲವು ಹುಳು ಎಲೆಗೆ ಅಂಟಿಕೊಂಡು ಗಟ್ಟಿಯಾಗಿ ಸತ್ತಿರುತ್ತವೆ. ಮೈಮೇಲೆ ಬಿಳಿ ಬೂಷ್ಟು. ಒಂದೆರಡು ದಿನಕ್ಕೆ ಅದು ತಿಳಿ ಹಸಿರು ಪುಡಿಯಾಗುತ್ತೆ. ಅದು ಹುಳುವನ್ನು ಕೊಲ್ಲುವ ಶಿಲೀಂಧ್ರ, ನೊಮುರಿಯಾ ರಿಲೆಯಿ. ಆ ಪುಡಿಯೇ ಗಾಳಿಗೆ ಹಾರಿ ಪಕ್ಕದ ಹುಳುವಿಗೆ ಹತ್ತುತ್ತೆ. ಇದನ್ನೇ ಬೆಳೆಸಿ ಸಿಂಪಡಿಸಲು ಕೊಡುತ್ತಾರೆ. ಹೊಲದಲ್ಲಿ ಇದು ಕಂಡ ಮೇಲೂ ಶಿಲೀಂಧ್ರನಾಶಕ ಹೊಡೆದರೆ ನಮ್ಮ ಕಡೆಯ ಸೈನ್ಯವನ್ನೇ ನಾವು ಕೊಂದ ಹಾಗೆ.

ಕೀನ್ಯಾದ ಇಸಿಪೆ ಅನ್ನುವ ಕೀಟ ಸಂಶೋಧನಾ ಸಂಸ್ಥೆಯವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ವಿಜ್ಞಾನಿಗಳ ಜೊತೆ ಸೇರಿ 1990ರ ದಶಕದಲ್ಲಿ ಇನ್ನೊಂದು ದಾರಿ ಕಂಡುಕೊಂಡರು. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ ಮೇವು. ಅದರ ವಾಸನೆಗೆ ಕಾಂಡ ಕೊರಕದ ಚಿಟ್ಟೆ ದೂರ ಹೋಗುತ್ತೆ. ಹೊಲದ ಸುತ್ತ ನೇಪಿಯರ್ ಹುಲ್ಲು. ಚಿಟ್ಟೆ ಅಲ್ಲಿಗೆ ಹೋಗಿ ಮೊಟ್ಟೆ ಇಡುತ್ತೆ, ಆದರೆ ಮರಿಗಳು ಅಲ್ಲಿ ಹೆಚ್ಚು ಬದುಕುವುದಿಲ್ಲ. ಮುಂದೆ ಸೈನಿಕ ಹುಳು ಬಂದಾಗ ಇಂಥ ಹೊಲಗಳಲ್ಲಿ ಹಾನಿ ಕಡಿಮೆ ಇದ್ದದ್ದು ಕಂಡುಬಂತು. ಡೆಸ್ಮೋಡಿಯಂ ನಮ್ಮ ಒಣ ಹೊಲದಲ್ಲಿ ಬಾಳುತ್ತೆ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ತೇವ ಬೇಕು. ಆದರೆ ಎರಡೂ ಗಿಡ ದನಕ್ಕೆ ಮೇವು ಅನ್ನುವುದನ್ನು ಗಮನಿಸಿ. ಹುಳು ತಡೆಯುವ ಗಿಡವೇ ಹಾಲನ್ನೂ ಕೊಟ್ಟರೆ ರೈತ ಅದನ್ನು ಬಿಡುವುದಿಲ್ಲ. ನಮ್ಮಲ್ಲಿ ತೊಗರಿ, ಅಲಸಂದೆಯಿಂದ ಶುರು ಮಾಡಬಹುದು. ನೇಪಿಯರ್ ಹೇಗೂ ಬದುವಿನ ಮೇಲೆ ಬೆಳೆಯುತ್ತಿದ್ದೀರಿ.

ಮಾಯಕೊಂಡ ರೈತ

ಮೆಕ್ಕೆಜೋಳದ ನಡುವೆ ತೊಗರಿ ಹಾಕುವವರು ನಮ್ಮಲ್ಲೂ ಇದ್ದಾರೆ. ಕಳೆನಾಶಕ ಬಂದ ಮೇಲೆ ಕಡಿಮೆಯಾಯಿತು. ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿಗೆ ತೊಗರಿ ಸಾಯುತ್ತೆ. ಕೂಲಿಯವರು ಸಿಕ್ಕರೆ ಕಳೆ ತೆಗೆಸಬಹುದು, ಸಿಗಬೇಕಲ್ಲ. ಎಡೆಕುಂಟೆ ಹೊಡೆಯೋಣ ಅಂದರೆ ಎತ್ತು ಇಟ್ಟವರು ಊರಿಗೆ ನಾಲ್ಕು ಮನೆ.

ಬಬ್ಬೂರು ಫಾರಂ ಕಡೆಯವ

ನಿಜ. ಕೂಲಿ, ಎತ್ತು, ಕಳೆನಾಶಕ, ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಸಾಲಿನ ಅಂತರ ಅಗಲ ಮಾಡಿ, ಆರೇಳು ಸಾಲಿಗೆ ಎರಡು ಸಾಲು ತೊಗರಿ ಬಿಟ್ಟರೆ ಸಣ್ಣ ಟಿಲ್ಲರ್ ಓಡಿಸಬಹುದು. ಎಲ್ಲ ಹೊಲ ಬೇಡ, ಮೊದಲು ಅರ್ಧ ಎಕರೆ.

ಒಂದು ಕೆಲಸ ಮಾತ್ರ ಎಲ್ಲರೂ ಮಾಡಿ. ಶೇಂಗಾ, ಅಲಸಂದೆ, ಯಾವುದಾದರೂ ಸರಿ, ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಬೇರು ಹರಿಯದ ಹಾಗೆ ಮಣ್ಣು ಸಮೇತ ಎತ್ತಿ. ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ. ಬೇರಿನಲ್ಲಿ ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆಯುತ್ತಿದೆ ಅಂತ ಅರ್ಥ. ಬೆಳ್ಳಗೆ, ಹಸಿರಾಗಿ ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ. ಯೂರಿಯಾ ಸುರಿದ ಹೊಲದಲ್ಲಿ ಗಂಟೇ ಕಡಿಮೆ. ಪುಕ್ಕಟೆ ಸಿಗುವಾಗ ಗಿಡ ಅದಕ್ಕೆ ಶ್ರಮ ಪಡುವುದಿಲ್ಲ.

ಚನ್ನಗಿರಿ ತೋಟ

ನಮ್ಮ ಕಡೆ ಮಲೆನಾಡಿನ ಅಂಚು. ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ. ನಮಗೆ ಕಾಡು ತೋಟವೇ ಸರಿ ಅಲ್ವಾ? ಅಡಿಕೆ ನಡುವೆ ಬಾಳೆ, ಕಾಳುಮೆಣಸು, ಏಲಕ್ಕಿ, ಕೋಕೋ ಹಾಕಿದವರು ಚೆನ್ನಾಗಿದ್ದಾರೆ. ಎಲ್ಲರಿಗೂ ಕಾವಲೇ ಗುರು ಅಂದರೆ ಹೇಗೆ?

ಜಗಳೂರು ಮೇಷ್ಟ್ರು

ನಿಮ್ಮ ಊರಿಗೆ ಸರಿ. ಆದರೆ ಅಡಿಕೆ ನಿಮ್ಮ ಊರಲ್ಲೇ ನಿಲ್ಲಲಿಲ್ಲ. ಹೊಳಲ್ಕೆರೆ ದಾಟಿತು, ಚಿತ್ರದುರ್ಗ ದಾಟಿತು, ಈಗ ನಮ್ಮ ಜಗಳೂರಿಗೂ ಬಂದಿದೆ. ಅದಕ್ಕೇ ಒಂದು ಲೆಕ್ಕ ಹಾಕೋಣ. ಮಕ್ಕಳಿಗೆ ಶಾಲೆಯಲ್ಲಿ ಮಾಡಿಸುವ ಲೆಕ್ಕ ಇದು.

ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 1 ಲಕ್ಷ ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಅಂತ ಹಿಡಿದರೆ ಎಕರೆಗೆ 20 ಲಕ್ಷ ಲೀಟರ್. ನಮ್ಮ ಒಣ ತಾಲ್ಲೂಕುಗಳಿಗೆ ಇದು ಒಳ್ಳೆಯ ವರ್ಷದ ಲೆಕ್ಕ.

ಈಗ ಅಡಿಕೆ. 9 ಅಡಿಗೆ ಒಂದು ಗಿಡ ಹಾಕಿದರೆ ಎಕರೆಗೆ ಸುಮಾರು 540. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 20 ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ 10,800 ಲೀಟರ್. 150 ದಿನ ಕೊಟ್ಟರೆ 16 ಲಕ್ಷ ದಾಟಿತು. ಅಂದರೆ ಆ ಎಕರೆ ಮೇಲೆ ವರ್ಷವಿಡೀ ಬಿದ್ದ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಬೇಸಿಗೆಯ ಅಡಿಕೆಗೇ ಬೇಕು. ಬಿದ್ದ ಮಳೆಯೆಲ್ಲ ಇಂಗುವುದೂ ಇಲ್ಲ, ಹರಿದು ಹೋಗುತ್ತೆ, ಆವಿಯಾಗುತ್ತೆ. ಹಾಗಾದರೆ ನೀರು ಎಲ್ಲಿಂದ ಬರುತ್ತಿದೆ? ಪಕ್ಕದವರ ನೆಲದಡಿಯಿಂದ, ಮುಂದಿನವರ ಪಾಲಿನಿಂದ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ನಲ್ಲಿ ನೀರು ತಂದು ಅಡಿಕೆ ಉಳಿಸಿಕೊಂಡದ್ದು ನಿಮ್ಮ ತಾಲ್ಲೂಕಿನಲ್ಲೂ ಆಯಿತು.

ನೀರಿನ ಪಾಠ ಬೇಕಾದರೆ ದುರ್ಗದ ಕೋಟೆ ಹತ್ತಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಬೆಟ್ಟದ ಮೇಲೆ ಬಿದ್ದ ಹನಿಯನ್ನು ಒಂದೇ ಸಲ ಓಡಲು ಬಿಡಲಿಲ್ಲ. ನಿಲ್ಲಿಸಿ, ಇಂಗಿಸಿ, ತುಂಬಿ ಉಳಿದದ್ದನ್ನು ಮಾತ್ರ ಕೆಳಗೆ ಕಳಿಸಿದರು. ನಮ್ಮ ಸರಣಿ ಕೆರೆಗಳೂ ಹಾಗೆಯೇ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ್ದನ್ನು ಜನ ಇವತ್ತಿಗೂ ನೆನೆಯುತ್ತಾರೆ. ಕೆರೆ ಇದ್ದರೆ ಮಾತ್ರ ಊಟ ಅನ್ನುವುದು ಅವರಿಗೆ ಗೊತ್ತಿತ್ತು. ಈಗ ಕೆರೆಗೆ ನೀರು ತರುವ ಹಳ್ಳಗಳೇ ಮುಚ್ಚಿವೆ.

ಚನ್ನಗಿರಿ ತೋಟ

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಟ್ಯಾಂಕರ್ ಲೈನ್‌ನಲ್ಲಿ ನಾನೂ ನಿಂತಿದ್ದೆ. ಒಣ ಸೀಮೆಗೆ ಅಡಿಕೆ ಬೇಡ ಅನ್ನುವುದಕ್ಕೆ ನನ್ನ ಮತವೂ ಇರಲಿ.

ಹಿರಿಯೂರು ಈರುಳ್ಳಿ

ಹೊದಿಕೆ ಹಾಕಿ, ನೆಲ ಬೆತ್ತಲೆ ಬಿಡಬೇಡಿ ಅಂತಾರೆ. ಏನು ಹಾಕುವುದು? ಶೇಂಗಾ ಹೊಟ್ಟು ದನಕ್ಕೆ ಬೇಕು, ಜೋಳದ ಸಪ್ಪೆ ದನಕ್ಕೆ ಬೇಕು, ರಾಗಿ ಹುಲ್ಲು ಅಂತೂ ದುಡ್ಡು ಕೊಟ್ಟರೂ ಸಿಗಲ್ಲ. ಉಳಿದ ಕಡ್ಡಿ ಕಸ ಹಾಕಿದರೆ ಗೆದ್ದಲು ಬಂದು ತಿಂದು ಹೋಗುತ್ತೆ.

ನಾಯಕನಹಟ್ಟಿ ಸೀಮೆ

ಅಣ್ಣ, ಇದು ಬಹಳ ಮುಖ್ಯದ ಮಾತು. ಮಲೆನಾಡಿನ ಹೊದಿಕೆಯನ್ನು ಇಲ್ಲಿ ತರಲು ಆಗದಿರುವುದು ಇದೇ ಕಾರಣಕ್ಕೆ. ಇಲ್ಲಿ ಒಣ ಹುಲ್ಲು ಮೊದಲು ಹೊಟ್ಟೆಗೆ ಹೋಗಿ ಆಮೇಲೆ ಮಣ್ಣಿಗೆ ಬರುತ್ತದೆ. ಕಾವಲಿನಲ್ಲೂ ಹಾಗೆಯೇ. ನೆಲ ಮುಚ್ಚುವ ಕೆಲಸಕ್ಕೆ ಬದುಕಿರುವ ಬೆಳೆಯೇ ಬೇಕು. ಹುರುಳಿ, ಅಲಸಂದೆ, ಮಡಿಕೆ ಕಾಳು. ನೆಲಕ್ಕೆ ಹರಡುವಂಥವು. ಮುಂಗಾರಿನ ಬೆಳೆ ತೆಗೆದ ಮೇಲೆ ಉತ್ತರೆ, ಹಸ್ತ ಮಳೆಗೆ ಹುರುಳಿ ಚೆಲ್ಲಿದರೆ ನೆಲವೂ ಮುಚ್ಚುತ್ತೆ, ಮನೆಗೆ ಕಾಳೂ ಬರುತ್ತೆ. ಬದುವಿನ ಹೊಂಗೆ ಸೊಪ್ಪು ದನ ಹೆಚ್ಚು ತಿನ್ನುವುದಿಲ್ಲ, ಅದನ್ನು ಮಣ್ಣಿಗೆ ಹಾಕಬಹುದು.

ಗೆದ್ದಲಿನ ಬಗ್ಗೆ ಒಂದು ಮಾತು. ಬುರ್ಕಿನಾ ಫಾಸೊ ಅನ್ನುವ ದೇಶದಲ್ಲಿ ಯಾಕೂಬಾ ಸವಾಡೋಗೋ ಅಂತ ಒಬ್ಬ ರೈತ ಇದ್ದರು. 2023ರಲ್ಲಿ ತೀರಿಕೊಂಡರು. ಅವರ ಸೀಮೆಯೂ ಒಣ ಸೀಮೆ, ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಅವರು ಅಲ್ಲಿನ ಹಳೇ ಪದ್ಧತಿಯನ್ನೇ ಸುಧಾರಿಸಿದರು. ಬೇಸಿಗೆಯಲ್ಲೇ ಸಣ್ಣ ಗುಂಡಿ ತೋಡುವುದು, ಅದಕ್ಕೆ ಗೊಬ್ಬರ, ಎಲೆ ಹಾಕುವುದು. ಆ ಕಸಕ್ಕೆ ಗೆದ್ದಲು ಬರುತ್ತೆ, ಬಂದು ಕೆಳಗೆ ದಾರಿ ಕೊರೆಯುತ್ತೆ. ಮಳೆ ಬಂದಾಗ ನೀರು ಆ ದಾರಿಯಲ್ಲಿ ಆಳಕ್ಕೆ ಇಳಿಯುತ್ತೆ. ಆ ಗುಂಡಿಯಲ್ಲೇ ಜೋಳ, ಸಜ್ಜೆ ಬಿತ್ತನೆ. ಈ ಕೆಲಸಕ್ಕೆ 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಎಲ್ಲ ಗೆದ್ದಲೂ ಒಳ್ಳೆಯದು ಅಂತಲ್ಲ, ನಿಮ್ಮ ಎಳೆ ಗಿಡದ ಬೇರಿಗೆ ಬಂದರೆ ತಡೆಯಲೇಬೇಕು. ಆದರೆ ತಿನ್ನಲು ಒಣ ಕಸ ಸಿಕ್ಕ ಗೆದ್ದಲು ಹಸಿ ಗಿಡದ ತಂಟೆಗೆ ಬರುವುದು ಕಡಿಮೆ.

ಹೊಸದುರ್ಗ ಸಾಮೆ

ಇಷ್ಟು ಹೊತ್ತು ಹೊಲದ ಮಾತಾಯಿತು. ನಾನು ಅಡುಗೆ ಮನೆ ಕಡೆಯಿಂದ ಬರುತ್ತೇನೆ. ನಮ್ಮದು ಹೆಣ್ಣುಮಕ್ಕಳ ಸಂಘ. ನಮ್ಮ ತಾಲ್ಲೂಕಿನಲ್ಲಿ ಸಾಮೆ ಇವತ್ತಿಗೂ ಬೆಳೆಯುತ್ತಾರೆ. ರೈತ ಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟರು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮೇಳಗಳಾದವು. ಬೆಳೆಯುವುದಕ್ಕೆ ಉತ್ತೇಜನ ಸಿಕ್ಕಿತು. ಆದರೆ ಸಿಪ್ಪೆ ತೆಗೆದು ತಿನ್ನುವ ಅಕ್ಕಿ ಆಗುವುದು ಎಲ್ಲಿ?

ಸಾಮೆಯ ಮೇಲೆ ಗಟ್ಟಿಯಾದ, ಹೊಳೆಯುವ ಸಿಪ್ಪೆ ಇದೆ. ಭತ್ತದ ಮಿಲ್ಲಿನಲ್ಲಿ ಹಾಕಿದರೆ ಕಾಳು ಸಣ್ಣದು, ನುಚ್ಚಾಗುತ್ತೆ, ಇಲ್ಲ ಹಾಗೇ ಜಾರಿ ಹೋಗುತ್ತೆ. ಹಾರಕಕ್ಕೆ ಸಿಪ್ಪೆ ಪದರ ಪದರ, ಇನ್ನೂ ಕಷ್ಟ. ನಮ್ಮ ಅಜ್ಜಿಯರು ಬೀಸುವ ಕಲ್ಲಿಗೆ ಮಣ್ಣು ಮೆತ್ತಿ ಹಗುರವಾಗಿ ಬೀಸಿ, ಒರಳಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ಅಕ್ಕಿ ಮಾಡುತ್ತಿದ್ದರು. ಆ ಕೆಲಸ ಯಾರಿಗೂ ಮತ್ತೆ ಬೇಡ, ರಟ್ಟೆ ಬಿದ್ದು ಹೋಗುತ್ತೆ. ಭತ್ತದ ಅಕ್ಕಿ ಅಗ್ಗಕ್ಕೆ ಬಂದಾಗ ಹೆಣ್ಣುಮಕ್ಕಳೇ ಸಾಮೆಯನ್ನು ಬಿಟ್ಟರು, ಅದರಲ್ಲಿ ತಪ್ಪೇನಿದೆ? ಈಗ ಸಿಪ್ಪೆ ತೆಗೆಯುವ ಸಣ್ಣ ಯಂತ್ರ ಬಂದಿದೆ. ಕಲ್ಲು ಆರಿಸುವ ಯಂತ್ರ, ಜರಡಿ, ಸಿಪ್ಪೆ ತೆಗೆಯುವ ಯಂತ್ರ, ಈ ಮೂರು ಇದ್ದರೆ ಹೋಬಳಿಗೆ ಸಾಕು. ಇಲ್ಲದಿದ್ದರೆ ನಮ್ಮ ಸಾಮೆ ಮೂಟೆಯಲ್ಲಿ ದೂರ ಹೋಗಿ, ಪ್ಯಾಕೆಟ್ ಆಗಿ, ಕೊಂಡುಕೊಳ್ಳಲು ಆಗದ ಬೆಲೆಗೆ ನಮ್ಮ ಅಂಗಡಿಗೇ ವಾಪಸ್ ಬರುತ್ತೆ.

ಮಿಲ್ಲು ಹತ್ತಿರವೇ ಇರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಸಿಪ್ಪೆ ಇರುವ ತನಕ ಸಾಮೆ, ನವಣೆ ವರ್ಷಗಟ್ಟಲೆ ಕೆಡುವುದಿಲ್ಲ. ಸಿಪ್ಪೆ ತೆಗೆದ ಮೇಲೆ ತೌಡಿನ ಎಣ್ಣೆ ಗಾಳಿಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ, ಕಹಿ. ಪೇಟೆಯಲ್ಲಿ "ಸಿರಿಧಾನ್ಯ ಕಹಿ" ಅನ್ನುವವರಲ್ಲಿ ಎಷ್ಟೋ ಜನ ಹಳೇ ಅಕ್ಕಿ ತಿಂದವರು. ನಿಸರ್ಗ ಕೊಟ್ಟ ಸಿಪ್ಪೆಯಲ್ಲೇ ಕಾಳನ್ನು ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಅಕ್ಕಿ ಮಾಡಿಸಿಕೊಂಡರೆ ರುಚಿಯೇ ಬೇರೆ. ಒಂದು ಕ್ವಿಂಟಾಲ್ ಸಾಮೆಗೆ ಸುಮಾರು 60ರಿಂದ 65 ಕೆಜಿ ಅಕ್ಕಿ ಬರುತ್ತೆ. ತೌಡು ಊರ ದನಕ್ಕೇ ಉಳಿಯುತ್ತೆ. ಕಾಳು ದೂರ ಹೋದರೆ ತೌಡೂ ಹೋಯಿತು, ಅದರ ಜೊತೆ ಗೊಬ್ಬರವೂ ಹೋಯಿತು.

ಹಗೇವು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಗಟ್ಟಿ ನೆಲದಲ್ಲಿ ತೋಡಿದ ಕಣಜ. ಬಾಯಿ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಕಾಳು ಉಸಿರಾಡುತ್ತಾ ಒಳಗಿನ ಆಮ್ಲಜನಕವನ್ನು ಮುಗಿಸುತ್ತೆ, ಇಂಗಾಲದ ಡೈಆಕ್ಸೈಡ್ ತುಂಬುತ್ತೆ. ಹುಳು ಬದುಕುವುದಿಲ್ಲ. ಔಷಧಿ ಇಲ್ಲ, ಕರೆಂಟ್ ಇಲ್ಲ. ಅದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಈಗ ಅದೇ ತತ್ವದ ಮೇಲೆ ಗಾಳಿಯಾಡದ ದಪ್ಪ ಚೀಲಗಳು ಬಂದಿವೆ. ಸಂಘಕ್ಕೆ ಅವು ಸಾಕು. ಬರ ಬಂದ ವರ್ಷ ಊರಲ್ಲಿ ಕಾಳು ಇರಬೇಕು, ಅಷ್ಟೇ.

ದಾವಣಗೆರೆ ಪೇಟೆ

ನಾನು ಬೆಳೆಯುವವನಲ್ಲ, ತಿನ್ನುವವನು. ಅಕ್ಕ ಹೇಳಿದ ಕಹಿ ಸಾಮೆ ನಮ್ಮ ಮನೆಗೂ ಬಂದಿತ್ತು. ಮಕ್ಕಳು ಮುಟ್ಟಲಿಲ್ಲ. ಹೊಸ ಅಕ್ಕಿ ಸಿಗುತ್ತೆ ಅಂದರೆ ಮತ್ತೆ ತರುತ್ತೇನೆ.

ಇನ್ನೊಂದು ಹೇಳಲಾ? ನಮ್ಮ ಊರಿಗೆ ಸ್ಥಳೀಯ ಊಟ ಹೊಸದಲ್ಲ. ಸಂಜೆ ತಿನ್ನುವ ನರ್ಗೀಸ್ ಮಂಡಕ್ಕಿಯನ್ನೇ ತಗೊಳ್ಳಿ. ಮಂಡಕ್ಕಿ ಆಗುವುದು ಇಲ್ಲಿನ ಭಟ್ಟಿಗಳಲ್ಲಿ. ಶೇಂಗಾ, ಈರುಳ್ಳಿ ಬೆಳೆಯುವ ಸೀಮೆ ಪಕ್ಕದಲ್ಲೇ ಇದೆ. 1997ರ ತನಕ ದಾವಣಗೆರೆ, ಜಗಳೂರು, ಹರಿಹರ ಎಲ್ಲ ಚಿತ್ರದುರ್ಗ ಜಿಲ್ಲೆಯೇ ಆಗಿತ್ತು. ನೀರಾವರಿ ಮತ್ತು ಒಣ ಸೀಮೆ ಎರಡೂ ಒಂದು ದಿನದ ಪ್ರಯಾಣದೊಳಗೆ ಇವೆ. ಒಂದು ಊರಿನ ಊಟಕ್ಕೆ ಇನ್ನೇನು ಬೇಕು? ಎಣ್ಣೆ ಮಾತ್ರ ನಮ್ಮ ಗಾಣದ್ದಾಗಬೇಕು. ಗಾಣದ ಶೇಂಗಾ ಎಣ್ಣೆ ದುಬಾರಿ ನಿಜ, ಕರಿಯಲು ಎಲ್ಲರಿಗೂ ಆಗಲ್ಲ. ಒಗ್ಗರಣೆಗೆ ಆಗುತ್ತೆ.

ನಮ್ಮ ಬಡಾವಣೆಯ ಮೂವತ್ತು ನಲವತ್ತು ಮನೆ ಸೇರಿ ತಿಂಗಳಿಗೆ ಇಷ್ಟು ಸಾಮೆ, ಇಷ್ಟು ತೊಗರಿ, ಇಷ್ಟು ಎಣ್ಣೆ ಅಂತ ಮುಂಚೆಯೇ ಹೇಳಿದರೆ, ಬಿತ್ತುವ ಮೊದಲೇ ಸ್ವಲ್ಪ ದುಡ್ಡು ಕೊಟ್ಟರೆ, ಮಾಯಕೊಂಡದ ಅಣ್ಣನಿಗೆ ಒಂದು ಎಕರೆ ಬದಲಾಯಿಸುವ ಧೈರ್ಯ ಬರುತ್ತಾ?

ಮಾಯಕೊಂಡ ರೈತ

ಬರುತ್ತೆ ಸರ್. ಪೂರ್ತಿ ಬದಲಾಯಿಸಲ್ಲ, ಸಂಸಾರ ನಡೆಯಬೇಕು. ಆದರೆ ರಸ್ತೆ ಪಕ್ಕದ ತುಂಡಿನಲ್ಲಿ ಮೆಕ್ಕೆಜೋಳದ ಜೊತೆ ತೊಗರಿ, ಮೇಲಿನ ಕಲ್ಲು ತುಂಡಿನಲ್ಲಿ ಸಾಮೆ. ಆ ಕಲ್ಲು ತುಂಡಿನಲ್ಲಿ ಮೆಕ್ಕೆಜೋಳ ಹೇಗೂ ಗೊಬ್ಬರದ ದುಡ್ಡನ್ನೂ ಹುಟ್ಟಿಸಲ್ಲ. ಸಾಮೆಗೆ ಬೀಜ ಎಷ್ಟು ಬೇಕು? ಮಳೆ ತಡವಾದರೆ ಏನು ಮಾಡಲಿ?

ಬಬ್ಬೂರು ಫಾರಂ ಕಡೆಯವ

ಸಾಲಿನಲ್ಲಿ ಬಿತ್ತಿದರೆ ಎಕರೆಗೆ 3ರಿಂದ 4 ಕೆಜಿ. ಕೈಯಲ್ಲಿ ಚೆಲ್ಲಿದರೆ ಸ್ವಲ್ಪ ಜಾಸ್ತಿ. ಬೀಜ ಸಣ್ಣದು, ಆಳಕ್ಕೆ ಬೀಳಬಾರದು, ಮರಳು ಬೆರೆಸಿ ಬಿತ್ತಿದರೆ ಒಂದೇ ಸಮ ಬೀಳುತ್ತೆ. ಮಳೆ ತಡವಾದರೆ ಕೊರಲೆ ಹಾಕಿ. 75, 80 ದಿನಕ್ಕೆ ಕೊಯ್ಲು. ಎರಡಕ್ಕೂ ಯೂರಿಯಾ ಸುರಿಯಬೇಡಿ, ಎತ್ತರ ಬೆಳೆದು ಮಲಗುತ್ತೆ. ಬಿತ್ತುವ ಮೊದಲು ಕುರಿ ಮಂದೆ ಹಾಕಿಸಿದರೆ ಬೇರೆ ಗೊಬ್ಬರವೇ ಬೇಡ.

ಕುರಿಹಟ್ಟಿ

ಮಾಯಕೊಂಡದ ಅಣ್ಣ, ನಮ್ಮ ಮಂದೆ ಗದ್ದೆ ಸೀಮೆಯಿಂದ ಮಳೆಗೆ ಮುಂಚೆ ವಾಪಸ್ ಬರುವಾಗ ನಿಮ್ಮ ಊರ ಮೇಲೇ ಹಾದು ಬರುತ್ತೆ. ಕಲ್ಲು ತುಂಡಿನಲ್ಲಿ ನಿಲ್ಲಿಸುತ್ತೇವೆ. ದುಡ್ಡಿನ ಬದಲು ಕಾಳು ಕೊಟ್ಟರೂ ಆಗುತ್ತೆ, ಮೊದಲೆಲ್ಲ ಹಾಗೇ ಇತ್ತು. ಆ ಬದುಗೆ ಮಾತ್ರ ಕಳೆನಾಶಕ ಹೊಡೆಯಬೇಡಿ.

ಮಾಯಕೊಂಡ ರೈತ

ಹೊಡೆಯಲ್ಲ. ನನ್ನ ನಂಬರ್ ಮೆಸೇಜ್ ಮಾಡ್ತೀನಿ. ಅಕ್ಕಡಿ ಸಾಲಿಗೆ ತೊಗರಿ ಬೀಜ ನನ್ನ ಹತ್ತಿರ ಇದೆ, ಸಾಮೆ ಬೀಜ ಹೊಸದುರ್ಗದ ಅಕ್ಕನ ಸಂಘದಲ್ಲಿ ಸಿಗುತ್ತಾ?

ಹೊಸದುರ್ಗ ಸಾಮೆ

ಸಿಗುತ್ತೆ. ಬೀಜಕ್ಕೆ ದುಡ್ಡು ಬೇಡ. ಬೆಳೆದ ಮೇಲೆ ತಗೊಂಡದ್ದರ ಎರಡರಷ್ಟು ಬೀಜ ವಾಪಸ್ ಕೊಡಿ, ಅದನ್ನು ಇನ್ನೊಬ್ಬರಿಗೆ ಕೊಡುತ್ತೇವೆ. ಅಕ್ಕಿ ಮಾಡಿಸುವುದಕ್ಕೆ ಇಲ್ಲಿಗೇ ತನ್ನಿ, ದಾವಣಗೆರೆಯ ಮನೆಗಳಿಗೆ ಬೇಕಾದಷ್ಟನ್ನು ತಿಂಗಳು ತಿಂಗಳು ಮಾಡಿಕೊಡುತ್ತೇವೆ. ತೌಡಿನ ಚೀಲ ಬಿಟ್ಟು ಹೋಗಬೇಡಿ, ಅದೂ ನಿಮ್ಮದೇ.